ಅಪ್‌ಡೇಟ್: ಮುಟ್ಟು ನಿಂತ ಮೇಲಿನ ನೋವು ಕೊನೆಗೂ ಹೋಯ್ತು

ಮುಟ್ಟು ನಿಂತು 9 ವರ್ಷ, ಗಂಡನ ಜೊತೆ ಸೇರುವಾಗ ಉರಿ, ನೋವು ಅಂತ ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಜಾರಿಕೆಗೆ ಹಚ್ಚುವ ಲೂಬ್ರಿಕೆಂಟ್ ಜೆಲ್‌ನಿಂದ ಆ ಹೊತ್ತಿಗೆ ಆರಾಮ, ಮರುದಿನ ಮತ್ತೆ ಅದೇ ಉರಿ. ನಿಜಕ್ಕೂ ಕೈಹಿಡಿದಿದ್ದು ‘ಸ್ತ್ರೀರೋಗ ತಜ್ಞರಿಗೆ ತೋರಿಸಿ’ ಅಂದವರ ಮಾತು. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗಿದೆ ಅಂತ ಪರೀಕ್ಷಿಸಿ ಹೇಳಿ, ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು. 2 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ಸಲ. ಆರನೇ ವಾರಕ್ಕೆ ನೋವಿಲ್ಲ. ಪದೇ ಪದೇ ಬರ್ತಿದ್ದ ಉರಿಮೂತ್ರಕ್ಕೂ ಇದೇ ಕಾರಣವಂತೆ, ನನಗೆ ಗೊತ್ತೇ ಇರಲಿಲ್ಲ!

‘ವಯಸ್ಸಾಯ್ತು, ಬಿಟ್ಟುಬಿಡಿ’ ಅಂದವರ ಮಾತು ಕೇಳದಿದ್ದದ್ದೇ ಒಳ್ಳೆಯದಾಯ್ತು. ನಾನು ದೂರ ಸರಿಯೋದನ್ನು ಇವರು ತಮ್ಮ ಮೇಲಿನ ಬೇಸರ ಅಂದುಕೊಂಡಿದ್ದರಂತೆ. ನೋವಿನ ವಿಷಯ ಹೇಳಿದ ರಾತ್ರಿ ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು.