ಸ್ಟ್ರಕ್ಚರಲ್ ಡಿಸೈನ್ ಕಲಿಸೋರು ಕಾರವಾರ ಕಡೆ ಸಿಗ್ತಾರಾ, ಅಥವಾ ಬೆಂಗಳೂರಿಗೇ ಹೋಗ್ಬೇಕಾ?

ಶಿರಸಿ_ಹುಡುಗ:
ಎಲ್ರಿಗೂ ನಮಸ್ಕಾರ. ಸಿವಿಲ್ ಮುಗಿಸಿ ಕಾರವಾರದಲ್ಲಿ ಒಂದು ಸಣ್ಣ ಡಿಸೈನ್ ಆಫೀಸಲ್ಲಿ ಇದೀನಿ, ಮನೆ, ಲಾಡ್ಜು, ಅಂಗಡಿ ಕಾಂಪ್ಲೆಕ್ಸು ಇಂಥವೇ ಕೆಲಸ. ಪ್ಲಾನ್ ಬರುತ್ತೆ, ಇಟ್ಯಾಬ್ಸ್ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಮಾಡೆಲ್ ಮಾಡ್ತೀನಿ, ಕಾಲಂ (ಕಂಬ) ಸಾಲದು ಅಂತ ಕೆಂಪು ತೋರಿಸಿದ್ರೆ ಸೈಜ್ ಜಾಸ್ತಿ ಮಾಡ್ತೀನಿ, ಕೆಂಪು ಹೋಯ್ತಂದ್ರೆ ಡ್ರಾಯಿಂಗ್ ಸೈಟಿಗೆ. ಸರ್ ಒಳ್ಳೆಯವ್ರೇ, ಆದ್ರೆ ದಿನಾ ಸೈಟು, ಫೋನು, ಕೂತು ಹೇಳೋಕೆ ಟೈಮೇ ಇಲ್ಲ. 2024ರ ಆಗಸ್ಟಲ್ಲಿ ಕಾಳಿ ನದಿ ಹಳೇ ಸೇತುವೆ ಬಿದ್ದಾಗಿಂದ ಊರಲ್ಲಿ ಎಲ್ರೂ ನನ್ನೇ ಕೇಳ್ತಾರೆ ಯಾಕೆ ಬಿತ್ತು ಅಂತ, ಅದಿರ್ಲಿ, ನಾನೇ ಸೈಜ್ ಕೊಟ್ಟ ಕಾಲಂ ಯಾಕೆ ನಿಲ್ಲುತ್ತೆ ಅಂತ ಹೇಳೋ ಧೈರ್ಯ ನಂಗೆ ಬೇಕು. ಫ್ರೆಂಡ್ಸ್ ಬೆಂಗಳೂರಿಗೆ ಬಾ ಅಂತಿದಾರೆ. ಏನ್ ಮಾಡ್ಲಿ?

ಕುಮಟಾ_ಸೀನಿಯರ್:
ತಮ್ಮಾ, "ನಂಗೆ ಕಲಿಸಿ" ಅಂತ ಬರಿಗೈಲಿ ಹೋದ್ರೆ ಯಾರೂ ಸಿಗೋದಿಲ್ಲ, ಎಲ್ಲಿಂದ ಶುರು ಮಾಡೋದು ಅಂತ ಅವ್ರಿಗೂ ತೋಚೋದಿಲ್ಲ. ಒಂದು ಹಾಳೆ ಲೆಕ್ಕ ಮಾಡ್ಕೊಂಡು ಹೋಗು. ಈಗ ನೋಡು, 4 ಮೀಟರ್ 5 ಮೀಟರ್ ಅಂತರದಲ್ಲಿ ಕಾಲಂ ಇದ್ರೆ ನಡುವಿನ ಕಾಲಂ ಪಾಲಿಗೆ ಒಂದು ಮಹಡಿಲಿ 20 ಚದರ ಮೀಟರ್. 125 ಎಂಎಂ ಸ್ಲ್ಯಾಬಿನ ತೂಕ ಚದರ ಮೀಟರಿಗೆ 3.1 ಕಿಲೋನ್ಯೂಟನ್, ಫ್ಲೋರಿಂಗಿಗೆ 1, ಮನೆ ಅಂದ್ರೆ ಲೈವ್ ಲೋಡ್ (ಜನ, ಸಾಮಾನಿನ ಭಾರ) 2, ಇದ್ರ ಜೊತೆ ಬೀಮು ಗೋಡೆನೂ ಸೇರಿ ಒಟ್ಟು ಚದರ ಮೀಟರಿಗೆ ಅಂದಾಜು 12 ಹಿಡ್ಕೋ. ಮಹಡಿಗೆ 240 ಕಿಲೋನ್ಯೂಟನ್, ಮೂರು ಸ್ಲ್ಯಾಬಿಗೆ 720. ಮಾಡೆಲಲ್ಲಿ ಫ್ಯಾಕ್ಟರ್ (ಸುರಕ್ಷತೆಗೆ ಅಂತ ಲೋಡು ಹೆಚ್ಚಿಸೋ ಗುಣಕ) ಹಾಕದ ಲೋಡು ಇದ್ರ ಹತ್ರ ಇದ್ರೆ ಸರಿ, 400 ಅಥವಾ 1100 ಬಂತು ಅಂದ್ರೆ ಎಲ್ಲೋ ಏನೋ ತಪ್ಪಿದೆ. ಆ ಹಾಳೆ ಸರ್ ಟೇಬಲ್ ಮೇಲೆ ಇಟ್ಟು "ಸರ್ ಇಲ್ಲಿ ಹೊಂದ್ತಾ ಇಲ್ಲ, ಯಾಕೆ" ಅಂತ ಕೇಳು, ಎಷ್ಟೇ ಬ್ಯುಸಿ ಇದ್ದವ್ರೂ ಹತ್ತು ನಿಮಿಷ ಕೂರ್ತಾರೆ. ನಂಗೆ ಕಲಿಸಿದವ್ರು ಕಲಿಸಿದ್ದೂ ಹೀಗೇ, ಲೆಕ್ಕ ಇಲ್ದೆ ಹೋದ್ರೆ ಮಾತೇ ಆಡ್ತಿರ್ಲಿಲ್ಲ.

ಬೈತಕೋಲ_ಸೈಟ್:
ನಾನು ಸೈಟ್ ಇಂಜಿನಿಯರ್, ಡಿಸೈನ್ ಆಫೀಸಲ್ಲಿ ಇರೋ ಹುಡುಗ್ರಿಗೆ ಹೇಳೋದು ಒಂದೇ, ಸ್ಲ್ಯಾಬ್ ಹಾಕೋ ಹಿಂದಿನ ದಿನ ಸಂಜೆ ಸೈಟಿಗೆ ಬನ್ನಿ. ಸಜ್ಜಾದ ಮೇನ್ ರಾಡು ಮೇಲ್ಗಡೆ ಇರ್ಬೇಕು ಅಂತ ನೀವು ಬರೆದಿರ್ತೀರಿ, ಕಾಂಕ್ರೀಟ್ ಹಾಕೋವಾಗ ಅದ್ರ ಮೇಲೇ ಓಡಾಡಿ ಅದು ಕೆಳಗೆ ಹೋಗಿರುತ್ತೆ, ಚೇರ್ (ರಾಡನ್ನ ಎತ್ತಿ ಹಿಡಿಯೋ ಬಗ್ಗಿಸಿದ ಕಂಬಿ) ಕೊಡದಿದ್ರೆ ನಿಲ್ಲೋದೇ ಇಲ್ಲ. ಮೇನ್ ರಾಡುಗಳ ಸುತ್ತ ಕಟ್ಟೋ ರಿಂಗಿನ ಹುಕ್ 135 ಡಿಗ್ರಿ ಬಗ್ಗಿಸದೆ 90ಕ್ಕೇ ಬಿಟ್ಟಿರ್ತಾರೆ, ನಮ್ದು ಭೂಕಂಪದ ಮೂರನೇ ವಲಯ ಅಂದ್ರೂ ಕೇಳೋದಿಲ್ಲ. ರಾಡ್ ಕಟ್ಟೋರ ಜೊತೆ ಅರ್ಧ ಗಂಟೆ ನಿಂತ್ರೆ ಯಾವ ಜಾಯಿಂಟಲ್ಲಿ ರಾಡು ಹಿಡಿಸೋದೇ ಇಲ್ಲ ಅಂತ ಅವ್ರೇ ಹೇಳ್ತಾರೆ, ಅವ್ರೂ ಗುರುಗಳೇ.

ಇನ್ನೊಂದು, ಇದನ್ನ ದಯವಿಟ್ಟು ನೋಡಿ. ಒಳನಾಡಿನ ಡ್ರಾಯಿಂಗಿಂದ ಜನರಲ್ ನೋಟ್ಸ್ ಕಾಪಿ ಮಾಡಿ ಎಂ20 (ಕಾಂಕ್ರೀಟಿನ ಗ್ರೇಡ್), ಕವರ್ (ರಾಡಿನ ಹೊರಗಿನ ಕಾಂಕ್ರೀಟ್ ದಪ್ಪ) 25 ಎಂಎಂ ಅಂತ ಹಾಕಿರೋದು ಇಲ್ಲಿಗೆ ಬರುತ್ತೆ. ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456 ತೆಗೆದು ನೋಡಿ, ಕರಾವಳಿ ಹವೆಗೆ ತೆರೆದಿರೋ ಕಾಂಕ್ರೀಟು ಸಿವಿಯರ್ (ತೀವ್ರ) ವರ್ಗ, ಕನಿಷ್ಠ ಎಂ30, ಕವರ್ 45 ಎಂಎಂ. ಸಮುದ್ರದ ನೀರು ಸಿಡಿಯೋ ಜಾಗ ಆದ್ರೆ ಎಂ35, 50 ಎಂಎಂ. ಉಪ್ಪು ಒಳಗೆ ಇಳಿದು ರಾಡು ತುಕ್ಕು ಹಿಡಿದ್ರೆ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತೆ, ಬೀಚ್ ಹತ್ರದ ಹಳೇ ಬಿಲ್ಡಿಂಗ್ ಬಾಲ್ಕನಿ ಕೆಳಗೆ ನಿಂತು ನೋಡಿದ್ರೆ ಸಾಕು.

ಹೊನ್ನಾವರ_ಟು_ಬೆಂಗಳೂರು:
ನಾನು ಬೆಂಗಳೂರಲ್ಲೇ ಇರೋದು. ದೊಡ್ಡ ಆಫೀಸಲ್ಲಿ ನಿಮ್ಮ ಲೆಕ್ಕ ಇನ್ನೊಬ್ರು ಚೆಕ್ ಮಾಡಿ ಸೈನ್ ಹಾಕ್ತಾರೆ, ಅದು ನಿಜವಾಗ್ಲೂ ದೊಡ್ಡ ಲಾಭ. ಆದ್ರೆ ಬರೀ ಮೆಟ್ಟಿಲು, ಬರೀ ಸ್ಲ್ಯಾಬ್ ಡೀಟೇಲಿಂಗ್ ಅಂತ ವರ್ಷಗಟ್ಲೆ ಕೂರಿಸೋ ಕಡೆಗಳೂ ಇವೆ, ನೀವು ಅಲ್ಲಿ ಪೂರ್ತಿ ಬಿಲ್ಡಿಂಗ್ ಮಾಡ್ತಿದೀರಿ. ಇಂಟರ್ವ್ಯೂಗೆ ಹೋದ್ರೆ ಸಂಬಳಕ್ಕಿಂತ ಮೊದ್ಲು ನನ್ನ ಕೆಲಸ ಯಾರು ಚೆಕ್ ಮಾಡ್ತಾರೆ ಅಂತ ಕೇಳಿ, ಉತ್ತರ ಸರಿಯಾಗಿ ಬರ್ಲಿಲ್ಲ ಅಂದ್ರೆ ಬೇಡ. ಎಂಟೆಕ್ ಆಸೆ ಇದ್ರೆ ಗೇಟ್ ಪ್ರವೇಶ ಪರೀಕ್ಷೆ ಬರೀರಿ, ಸುರತ್ಕಲ್ ಎನ್‌ಐಟಿಕೆನಲ್ಲೇ ಸ್ಟ್ರಕ್ಚರಲ್ ಇದೆ.

ಶಿರಸಿ_ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗಿನ ಲಾಡ್ಜ್ ಮಾಡೆಲಿನ ಕಾಲಂ ಲೆಕ್ಕ ಇವತ್ತೇ ಕೂತು ಮಾಡ್ತೀನಿ, ಬೆಂಗಳೂರು ಆಮೇಲೆ ನೋಡಿದ್ರಾಯ್ತು. ಕುಮಟಾ ಸರ್, ಗೋಡೆ ಎಲ್ಲ ಚಿರೆಕಲ್ಲು (ಜಂಬಿಟ್ಟಿಗೆ), ಆಗ್ಲೂ ಆ 12 ನಡೆಯುತ್ತಾ?

ಕುಮಟಾ_ಸೀನಿಯರ್:
ಇಲ್ಲ, ಅದು ಅಂದಾಜಿಗೆ ಅಷ್ಟೇ. ಚಿರೆಕಲ್ಲು ಆದ್ರೆ ಗೋಡೆ ತೂಕ ಬೇರೆ ತೆಗಿ. ಸೈಟಿಂದ ನಾಲ್ಕೈದು ಕಲ್ಲು ತರಿಸಿ ಅಳತೆ ತಗೊಂಡು ತೂಗು, ಮಳೆಲಿ ನೆನೆದಿದ್ದನ್ನೂ ತೂಗು. ಉದ್ದ ಮೀಟರಿಗೆ ಎಷ್ಟು ಬಂತು ಅಂತ ಇಲ್ಲೇ ಹಾಕು, ನೋಡ್ತೇನೆ.