‘ಫೀಲೀಸ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನೋಣ: ಕೊಸರು, ಪರಿಕರ, ಕುರುಹು?

ಪದಪ್ರಿಯರೆಲ್ಲರಿಗೂ ನಮಸ್ಕಾರ.

ಹಳೆಯ ಕಂಪ್ಯೂಟರ್ ಆಟಗಳನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಬರವಣಿಗೆ ಒಂದು ಪದದ ಬಳಿ ಬಂದು ನಿಂತುಬಿಟ್ಟಿದೆ. ಆಟದ ಫ್ಲಾಪಿಯ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಇಟ್ಟು ಮಾರುತ್ತಿದ್ದ ಪತ್ರ, ಭೂಪಟ, ನಾಣ್ಯ, ಕಲ್ಲು ಮುಂತಾದ ವಸ್ತುಗಳನ್ನು ಇಂಗ್ಲಿಷಿನಲ್ಲಿ ಒಟ್ಟಾಗಿ ‘ಫೀಲೀಸ್’ ಎನ್ನುತ್ತಾರೆ. ಕನ್ನಡದಲ್ಲಿ ಅವಕ್ಕೆ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ. ‘ಪೂರಕ ಸಾಮಗ್ರಿ’ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ಆದರೆ ಶಾಲೆಯ ಪಠ್ಯಕ್ಕೂ ಕಚೇರಿಯ ಅರ್ಜಿಗೂ ಸಲ್ಲುವ ಆ ಮಾತು ಈ ವಸ್ತುಗಳ ವಿಶೇಷವನ್ನು ಒಂದಿಷ್ಟೂ ಹೇಳುವುದಿಲ್ಲ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ವಿಚಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜಿನಲ್ಲಿ ಇನ್ಫೋಕಾಮ್ ಎಂಬ ಸಂಸ್ಥೆಯಿತ್ತು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಕೆಲವರು ಸೇರಿ 1979ರಲ್ಲಿ ಕಟ್ಟಿದ ಆ ಸಂಸ್ಥೆ ಬರಿಯ ಅಕ್ಷರಗಳಿಂದಲೇ ನಡೆಯುವ ಆಟಗಳನ್ನು ಮಾಡುತ್ತಿತ್ತು. ತೆರೆಯ ಮೇಲೆ ಒಂದು ಜಾಗದ ವರ್ಣನೆ ಮೂಡುತ್ತದೆ. ಆಡುವವರು ‘ಬಾಗಿಲು ತೆರೆ’, ‘ಪತ್ರ ಓದು’ ಎಂಬಂತಹ ಮಾತುಗಳನ್ನು ಟೈಪ್ ಮಾಡುತ್ತ ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಆ ಸಂಸ್ಥೆಯ ಮಾರ್ಕ್ ಬ್ಲಾಂಕ್ ಅವರು 1982ರಲ್ಲಿ ‘ಡೆಡ್‌ಲೈನ್’ ಎಂಬ ಕೊಲೆ ತನಿಖೆಯ ಆಟವನ್ನು ಬರೆದಾಗ, ಪತ್ತೇದಾರನಿಗೆ ಬೇಕಾದ ಎಲ್ಲ ಹಿನ್ನೆಲೆಯನ್ನೂ ತುಂಬಲು ಅಂದಿನ ಫ್ಲಾಪಿಯಲ್ಲಿ ಸ್ಥಳ ಸಾಲದೆ ಹೋಯಿತು. ಆಗ ಅವರು ಅದನ್ನೆಲ್ಲ ಕಾಗದದ ಮೇಲೆ ಮುದ್ರಿಸಿ ಪೆಟ್ಟಿಗೆಯಲ್ಲಿಟ್ಟರು. ಮನೆಯವರ ಹೇಳಿಕೆಗಳು, ಪ್ರಯೋಗಾಲಯದ ವರದಿ, ವಕೀಲರ ಪತ್ರ, ಹೆಣ ಸಿಕ್ಕ ಕೋಣೆಯ ಛಾಯಾಚಿತ್ರ, ಇವುಗಳ ಜೊತೆಗೆ ಸತ್ತವನ ಬಳಿ ಸಿಕ್ಕವೆಂಬಂತೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಮಾತ್ರೆಗಳು. ಸ್ಥಳದ ಕೊರತೆಯಿಂದ ಹುಟ್ಟಿದ ಈ ಉಪಾಯ ಜನರಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಇಂತಹ ವಸ್ತುಗಳೇ ಇನ್ಫೋಕಾಮ್ ಆಟಗಳ ಹೆಗ್ಗುರುತಾದವು.

ಇನ್ನು ಪದದ ವಿಚಾರ. ‘ಫೀಲೀಸ್’ ಎಂಬ ರೂಪ ಇದಕ್ಕಿಂತ ಬಹಳ ಹಿಂದೆಯೇ ಇಂಗ್ಲಿಷಿನಲ್ಲಿದೆ. 1932ರಲ್ಲಿ ಬಂದ ಆಲ್ಡಸ್ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ, ಕುರ್ಚಿಯ ಕೈಗಳಲ್ಲಿರುವ ಲೋಹದ ಗುಬಟುಗಳನ್ನು ಹಿಡಿದು ಕೂತ ಪ್ರೇಕ್ಷಕರು ಮೈಯಿಂದಲೇ ಅನುಭವಿಸುವ ಚಲನಚಿತ್ರಗಳಿಗೆ ಈ ಹೆಸರಿದೆ. ಅದು ‘ಮೂವಿ’, ‘ಟಾಕಿ’ಗಳ ಜಾಡಿನಲ್ಲಿ ಕಟ್ಟಿದ ಪದ. ಚಲಿಸುವುದು ಮೂವಿ, ಮಾತನಾಡುವುದು ಟಾಕಿ, ಸ್ಪರ್ಶಕ್ಕೆ ಸಿಗುವುದು ಫೀಲಿ. ಈ ಮೂರರಲ್ಲಿ ಮೊದಲೆರಡನ್ನು ಕನ್ನಡ ಹೇಗೆ ಬರಮಾಡಿಕೊಂಡಿತು ಎಂಬುದು ನಮಗೆ ಗೊತ್ತೇ ಇದೆ. 1934ರ ‘ಸತಿ ಸುಲೋಚನ’ವನ್ನು ಬರಹದಲ್ಲಿ ಇಂದಿಗೂ ಕನ್ನಡದ ಮೊದಲ ವಾಕ್ಚಿತ್ರ ಎಂದೇ ಕರೆಯುತ್ತೇವೆ. ಆಡುಮಾತಿನಲ್ಲಿ ಮಾತ್ರ ‘ಟಾಕಿ’ ಉಳಿದು, ಬಹುವಚನದ ‘ಟಾಕೀಸ್’ ಚಿತ್ರಮಂದಿರಕ್ಕೇ ಹೆಸರಾಯಿತು. ‘ವಾಕ್ಚಿತ್ರ’ದ ಮಾದರಿಯಲ್ಲಿ ‘ಸ್ಪರ್ಶಚಿತ್ರ’ ಎಂದರೆ ಹಕ್ಸ್ಲಿಯ ಫೀಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಆಟದ ಪೆಟ್ಟಿಗೆಯಲ್ಲಿರುವುದು ಚಿತ್ರವಲ್ಲ, ವಸ್ತು. ಆದುದರಿಂದ ಆ ದಾರಿ ನಮಗೆ ಇಲ್ಲಿ ಒದಗುವುದಿಲ್ಲ.

ಮೊದಲು ನನ್ನ ಮನಸ್ಸಿಗೆ ಬಂದದ್ದು ‘ಕೊಸರು’. ನಮ್ಮ ಅಜ್ಜಿ ಸಂತೆಯಲ್ಲಿ ತರಕಾರಿ ತೂಗಿಸಿಕೊಂಡ ಮೇಲೆ ‘ಒಂದಿಷ್ಟು ಕೊಸರು ಹಾಕವ್ವ’ ಎಂದು ಕೇಳಿಯೇ ಚೀಲ ಕಟ್ಟುತ್ತಿದ್ದರು. ಅಳತೆಯ ಮೇಲೆ ವ್ಯಾಪಾರಿ ಪ್ರೀತಿಯಿಂದ ಹಾಕುವ ಒಂದು ಹಿಡಿಗೆ ಕನ್ನಡದಲ್ಲಿ ಎಂತಹ ಸೊಗಸಾದ ಪದವಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಆದರೂ ಇಲ್ಲಿ ಅದು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಕೊಸರು ಇಲ್ಲದಿದ್ದರೂ ವ್ಯಾಪಾರ ಪೂರ್ತಿಯಾಗುತ್ತದೆ. ಡೆಡ್‌ಲೈನ್ ಪೆಟ್ಟಿಗೆಯ ವರದಿಗಳನ್ನು ಓದದೆ ಆ ಕೊಲೆಯ ತನಿಖೆಗೆ ಇಳಿಯುವುದು ಕಷ್ಟ. ಅಲ್ಲದೆ ಕೊಸರಿಗೂ ಕೊಂಡ ವಸ್ತುವಿಗೂ ಕಥೆಯ ನಂಟು ಇರಬೇಕಾಗಿಲ್ಲ. ಒಂದು ಕಾಲದಲ್ಲಿ ಬಿನಾಕಾ ಟೂತ್‌ಪೇಸ್ಟಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಪ್ರಾಣಿಗಳು ಬರುತ್ತಿದ್ದವು, ನೆನಪಿರುವವರು ಇಲ್ಲಿ ಹಲವರಿದ್ದೀರಿ. ಮಕ್ಕಳು ಅವನ್ನು ಜೋಪಾನವಾಗಿ ಕೂಡಿಟ್ಟರು ನಿಜ, ಆದರೆ ಆ ಪ್ರಾಣಿಗೂ ಪೇಸ್ಟಿಗೂ ಏನೂ ಸಂಬಂಧವಿರಲಿಲ್ಲ. ಅದು ಕೊಸರು, ಫೀಲಿ ಅಲ್ಲ. ಇಂದು ದುಬಾರಿ ಬೆಲೆಗೆ ಮಾರುವ ಸಂಗ್ರಾಹಕರ ಆವೃತ್ತಿಗಳಲ್ಲಿ ಬರುವ ಬೊಂಬೆಗಳನ್ನೂ ನಾನು ಫೀಲಿಗಳ ಲೆಕ್ಕಕ್ಕೆ ಸೇರಿಸಲಾರೆ. ಅವು ಕಥೆಯ ಪಾತ್ರವನ್ನು ತೋರಿಸುವ ಪ್ರತಿಮೆಗಳು, ಕಥೆಯೊಳಗಿನಿಂದ ಬಂದ ವಸ್ತುಗಳಲ್ಲ.

‘ಆಟದ ಸಾಮಾನು’ ಎಂದರೆ ಆಟಿಕೆ ಎಂಬ ಅರ್ಥವೇ ಮೊದಲು ಬರುತ್ತದೆ. ಪಗಡೆಯ ಹಾಸು, ದಾಳ, ಕಾಯಿಗಳು ಆಟದ ಸಲಕರಣೆಗಳು; ಅವಿಲ್ಲದೆ ಆಟವೇ ಇಲ್ಲ, ಫೀಲಿಯ ಸ್ಥಾನ ಅದೂ ಅಲ್ಲ.

‘ಪರಿಕರ’ ಇನ್ನೂ ಹತ್ತಿರದ ಪದ. ನಾಟಕದವರು ‘ರಂಗಪರಿಕರ’ ಎನ್ನುತ್ತಾರೆ. ಪಾತ್ರಧಾರಿಯ ಕೈಯಲ್ಲಿರುವ ಬಿಲ್ಲು, ಓಲೆ, ಲಾಟೀನು ಎಲ್ಲವೂ ಅದರಲ್ಲಿ ಸೇರುತ್ತವೆ. ಫೀಲಿಯೂ ಒಂದು ಬಗೆಯಲ್ಲಿ ರಂಗಪರಿಕರವೇ, ಆದರೆ ರಂಗದಿಂದ ಇಳಿದು ಪ್ರೇಕ್ಷಕನ ಕೈಗೆ ಬಂದದ್ದು. ಈ ಇಳಿದು ಬರುವಿಕೆಯೇ ಅದರ ಜೀವಾಳವಾಗಿರುವಾಗ, ‘ಆಟಪರಿಕರ’ ಎಂದರೆ ಜಾಯ್‌ಸ್ಟಿಕ್ಕೋ ಕ್ರಿಕೆಟ್ ಬ್ಯಾಟೋ ಇರಬೇಕೆಂದು ಓದುಗರು ತಿಳಿದಾರು ಎಂಬ ಅಳುಕಿದೆ. ಡೆಡ್‌ಲೈನ್ ಒಂದಕ್ಕೇ ಆಗಿದ್ದರೆ ನಮ್ಮ ಪೊಲೀಸ್ ಠಾಣೆ, ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ‘ಮುದ್ದೆಮಾಲು’ ಎಂಬ ಪದ ಎಷ್ಟು ಸರಿಯಾಗಿ ಕೂರುತ್ತಿತ್ತು! ಲೇಖನದ ಆ ಭಾಗದಲ್ಲಿ ಅದನ್ನೇ ಬಳಸುತ್ತೇನೆ. ಎಲ್ಲ ಆಟಗಳೂ ಕೊಲೆಯವಲ್ಲವಾದ್ದರಿಂದ ಅದನ್ನು ಸಾಮಾನ್ಯನಾಮವಾಗಿಸಲು ಬಾರದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ ಪದ ‘ಮುಟ್ಟು’. ಹಳಗನ್ನಡದಿಂದಲೂ ಅದಕ್ಕೆ ಉಪಕರಣ, ಸಲಕರಣೆ ಎಂಬ ಅರ್ಥವಿದೆ. ಸ್ಪರ್ಶಿಸು ಎಂಬ ಕ್ರಿಯಾರ್ಥವಂತೂ ಎಲ್ಲರಿಗೂ ಗೊತ್ತು. ಇಷ್ಟೇ ಅಲ್ಲ, ‘ಫೀಲ್’ ಎಂಬ ಕ್ರಿಯಾಪದ ಮೈಗೂ ಮನಸ್ಸಿಗೂ ಸಲ್ಲುವಂತೆಯೇ ನಮ್ಮ ‘ಮುಟ್ಟು’ ಕೂಡ ಎರಡಕ್ಕೂ ಸಲ್ಲುತ್ತದೆ. ಮನಮುಟ್ಟುವ ಮಾತು ಎನ್ನುತ್ತೇವಲ್ಲ. ಕೈಗೆ ಸಿಗುವ ವಸ್ತು, ಅದನ್ನು ಮುಟ್ಟುವ ಕೆಲಸ, ಅದರಿಂದ ಮನಸ್ಸಿಗೆ ಆಗುವ ತಾಕು, ಮೂರನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿರುವುದು ಅಪರೂಪ. ಆದರೆ ಇಂದಿನ ಓದುಗರಿಗೆ ನಾಮಪದವಾಗಿ ‘ಮುಟ್ಟು’ ಎಂದೊಡನೆ ಹೆಣ್ಣುಮಕ್ಕಳ ತಿಂಗಳ ಮುಟ್ಟೇ ನೆನಪಾಗುತ್ತದೆ. ಆ ಅರ್ಥದ ಬಗ್ಗೆ ಸಂಕೋಚಪಡಬೇಕಾದ್ದು ಏನೂ ಇಲ್ಲ. ಒಂದು ಪದ ಎರಡು ದೂರದ ಅರ್ಥಗಳ ನಡುವೆ ಓದುಗರನ್ನು ತಡವರಿಸುವಂತೆ ಮಾಡಬಾರದು ಎಂಬುದಷ್ಟೇ ನನ್ನ ಕಾಳಜಿ. ಉಪಕರಣ ಎಂಬ ಅರ್ಥದಲ್ಲಿ ಈ ಪದ ರೈತರ, ಕಮ್ಮಾರರ, ಬಡಗಿಗಳ ಮಾತಿನಲ್ಲಿ ನಿಮ್ಮ ಕಡೆ ಇನ್ನೂ ಕೇಳಿಬರುತ್ತದೆಯೇ? ಬರುತ್ತದೆ ಎಂದಾದರೆ ಅದನ್ನು ಕೈಬಿಡುವ ಮೊದಲು ಮತ್ತೊಮ್ಮೆ ಯೋಚಿಸುತ್ತೇನೆ.

ಸ್ಪರ್ಶದ ಮೇಲೆಯೇ ಕಟ್ಟಿದ ಯಾವ ಪದಕ್ಕೂ ಇನ್ನೊಂದು ತೊಡಕಿದೆ. ಕಾದಂಬರಿಕಾರ ಡಗ್ಲಸ್ ಆಡಮ್ಸ್ ಮತ್ತು ಇನ್ಫೋಕಾಮಿನ ಸ್ಟೀವ್ ಮೆರೆಟ್‌ಸ್ಕಿ ಸೇರಿ 1984ರಲ್ಲಿ ಮಾಡಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಆಟದ ಪೆಟ್ಟಿಗೆಯಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಚೀಲವಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಅಂತರಿಕ್ಷ ನೌಕಾಪಡೆ ಅದರಲ್ಲಿದೆ ಎಂದು ಹೇಳಲಾಗಿತ್ತು. ಜೊತೆಗೆ ಆಚೆ ಏನೂ ಕಾಣದ ಕಪ್ಪು ರಟ್ಟಿನ ಕನ್ನಡಕ. ಅಪಾಯ ಬಂದಾಗ ಕಪ್ಪಾಗಿ ಧರಿಸಿದವರ ಧೈರ್ಯ ಕಾಯುವ ಕನ್ನಡಕ ಅದು ಎಂಬುದು ಕಥೆ. ಆ ಚೀಲದಲ್ಲಿ ಮುಟ್ಟಲು ಏನೂ ಇಲ್ಲ, ಆದರೂ ಅದು ಫೀಲಿಯೇ. ಹಾಗಾದರೆ ಫೀಲಿಯನ್ನು ಫೀಲಿಯಾಗಿಸುವುದು ಬರಿಯ ಸ್ಪರ್ಶವಲ್ಲ, ‘ಇದು ಆ ಲೋಕದಿಂದ ಬಂದದ್ದು’ ಎಂದು ಅದು ಹೇಳುವ ಸಾಕ್ಷಿ.

ಈ ಯೋಚನೆಯೇ ನನ್ನನ್ನು ‘ಕುರುಹು’ ಎಂಬ ಪದಕ್ಕೆ ತಂದಿತು. ಹನುಮಂತ ಅಶೋಕವನದಲ್ಲಿ ಸೀತೆಗೆ ಒಪ್ಪಿಸಿದ ಉಂಗುರ ಕುರುಹು. ಆಕೆ ಮರಳಿ ಕೊಟ್ಟು ಕಳುಹಿಸಿದ ಚೂಡಾಮಣಿಯೂ ಕುರುಹು. ದೂರದಲ್ಲಿರುವ ಒಂದು ಲೋಕ, ಒಬ್ಬ ವ್ಯಕ್ತಿ ನಿಜ ಎಂದು ಕೈಯಲ್ಲಿ ಹಿಡಿದು ನಂಬಬಹುದಾದ ವಸ್ತು ಅದು. ಕಂಪ್ಯೂಟರ್ ಆಟದ ಪೆಟ್ಟಿಗೆಯಲ್ಲಿ ಬರುವುದೂ ಇದೇ. ರಿಚರ್ಡ್ ಗ್ಯಾರಿಯಟ್ ಅವರ 1985ರ ‘ಅಲ್ಟಿಮಾ 4’ರ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿದ ಬ್ರಿಟಾನಿಯಾ ದೇಶದ ಭೂಪಟವೂ ಲೋಹದ ಒಂದು ಆಂಕ್ ಚಿಹ್ನೆಯೂ (ಮೇಲ್ತುದಿಯಲ್ಲಿ ಕುಣಿಕೆಯಿರುವ ಪ್ರಾಚೀನ ಈಜಿಪ್ಟಿನ ಶಿಲುಬೆ) ಇದ್ದವು. ಭೂಪಟದ ಹೆಸರುಗಳು ಉತ್ತರ ಯುರೋಪಿನ ಪ್ರಾಚೀನ ರೂನ್ ಲಿಪಿಯಲ್ಲಿದ್ದು, ಆಡುವವರು ಅವನ್ನು ಬಿಡಿಸಿ ಓದಬೇಕಿತ್ತು. (ಆ ಆಟದ ಉಪಶೀರ್ಷಿಕೆಯಲ್ಲೇ ನಮ್ಮ ‘ಅವತಾರ’ ಪದವಿದೆ, ಪದಗಳೂ ಎಷ್ಟು ದೂರ ಪಯಣಿಸುತ್ತವೆ ನೋಡಿ.) ಭೂಪಟವನ್ನು ಕಾಗದದ ಮೇಲೆ ಅಚ್ಚು ಹಾಕಿದ್ದರೆ ಅದು ಮಾಹಿತಿಯಾಗುತ್ತಿತ್ತು, ಬಟ್ಟೆಯ ಮೇಲೆ ಹಾಕಿದ್ದರಿಂದ ಆ ದೇಶದ ಪಯಣಿಗನೊಬ್ಬ ಮಡಚಿ ಜೋಳಿಗೆಯಲ್ಲಿ ಇಟ್ಟುಕೊಂಡಿದ್ದ ವಸ್ತುವಾಯಿತು.

‘ಕುರುಹು’ ಇನ್ನೊಂದು ಕಡೆಯಿಂದಲೂ ಒಪ್ಪುತ್ತದೆ. ಫ್ಲಾಪಿಯನ್ನು ನಕಲು ಮಾಡುವುದು ಸುಲಭ, ವಸ್ತುವನ್ನು ನಕಲು ಮಾಡುವುದು ಕಷ್ಟ ಎಂಬುದನ್ನು ಕಂಡುಕೊಂಡ ಸಂಸ್ಥೆಗಳು ಪೆಟ್ಟಿಗೆಯಲ್ಲಿರುವ ಮಾಹಿತಿಯನ್ನು ಆಟದ ನಡುವೆ ಕೇಳತೊಡಗಿದವು. ಇನ್ಫೋಕಾಮಿನ ‘ಸ್ಟಾರ್‌ಕ್ರಾಸ್’ನಲ್ಲಿ ಜೊತೆಗೆ ಬಂದ ನಕ್ಷೆಯನ್ನು ನೋಡದೆ ಅಂತರಿಕ್ಷ ನೌಕೆಯನ್ನು ಗುರಿಯತ್ತ ತಿರುಗಿಸಲಾಗದು. 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಜೊತೆಗೆ ರಟ್ಟಿನ ಎರಡು ಬಿಲ್ಲೆಗಳ ಒಂದು ಚಕ್ರ ಬರುತ್ತಿತ್ತು. ಅದನ್ನು ತಿರುಗಿಸಿ ತೆರೆಯ ಮೇಲಿನ ಕಡಲ್ಗಳ್ಳನ ಮುಖವನ್ನು ಹೊಂದಿಸಿದರೆ ಕಾಣುವ ಇಸವಿಯನ್ನು ಟೈಪ್ ಮಾಡಿದ ಮೇಲೆಯೇ ಆಟ ಮುಂದುವರಿಯುತ್ತಿತ್ತು. ಕುರುಹು ತೋರಿಸಿ ಒಳಗೆ ಬನ್ನಿ ಎಂದಂತೆ. ಕುರುಹು ಎಂಬ ಒಂದೇ ಪದದಲ್ಲಿ ನೆನಪಿನ ವಸ್ತು, ಹಕ್ಕಿನ ಸಾಕ್ಷಿ ಎರಡೂ ಬರುತ್ತವೆ. ಇಂಗ್ಲಿಷಿನ ‘ಫೀಲಿ’ಯಲ್ಲಿ ಎರಡನೆಯ ಅರ್ಥವಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪ, ಕುರುಹಿನಲ್ಲಿ ಸ್ಪರ್ಶವಿಲ್ಲ ಎಂಬುದು. ‘ಕುರುಹೂ ಇಲ್ಲದಂತೆ ಹೋದ’ ಎನ್ನುವಾಗ ಅದು ಬರಿಯ ಸುಳಿವು ಎಂಬುದು ನಿಜ. ಆದರೆ ಶರಣರ ಪರಂಪರೆ ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಎಂದಾಗ ಆ ಕುರುಹು ಇರುವುದು ಅಂಗೈಯಲ್ಲಿ. ಈ ದೊಡ್ಡ ಮಾತನ್ನು ಆಟದ ಸಂದರ್ಭಕ್ಕೆ ಎಳೆಯುವ ಉದ್ದೇಶ ನನಗಿಲ್ಲ. ಪದದ ಒಳಗೆ ಕೈಯ ನೆನಪು ಇದ್ದೇ ಇದೆ ಎಂಬುದನ್ನು ತೋರಿಸಲು ಮಾತ್ರ ಹೇಳಿದೆ. ಆ ನೆನಪನ್ನು ಎದ್ದು ಕಾಣುವಂತೆ ಮಾಡಬೇಕಾದರೆ ‘ಕೈಗುರುಹು’ ಎನ್ನಬಹುದು. ಕೈಗನ್ನಡಿಯಲ್ಲಿ ಆದಂತೆ ಇಲ್ಲಿಯೂ ಕಕಾರ ಗಕಾರವಾಗುತ್ತದೆ. ಪೆಟ್ಟಿಗೆಯಲ್ಲಿ ಹೇಗೂ ಒಂದು ‘ಕೈಪಿಡಿ’ ಇರುವುದರಿಂದ ಅದರ ಪಕ್ಕದಲ್ಲಿ ‘ಕೈಗುರುಹು’ ಹೊಂದಿಕೊಂಡು ಕೂರುತ್ತದೆ. ‘ಕೈಗುರುತು’ ಮಾತ್ರ ಬೇಡ. ಚುನಾವಣೆಯ ಭಿತ್ತಿಪತ್ರಗಳು ಅದನ್ನು ಎಂದೋ ತಮ್ಮದಾಗಿಸಿಕೊಂಡಿವೆ.

ಈ ಪದದ ಮೇಲೆ ನನಗೆ ಇಷ್ಟು ಒಲವು ಬರಲು ಒಂದು ಸ್ವಂತ ಕಾರಣವೂ ಇದೆ. ಬಾಸ್ಟನ್ನಿನಲ್ಲಿ ಓದುತ್ತಿದ್ದ ನಮ್ಮ ಸೋದರಮಾವ 1980ರ ದಶಕದ ಕೊನೆಯಲ್ಲಿ ಊರಿಗೆ ಮರಳುವಾಗ, 1985ರಲ್ಲಿ ಬಂದ ‘ವಿಶ್‌ಬ್ರಿಂಗರ್’ ಆಟದ ಪೆಟ್ಟಿಗೆಯೊಂದನ್ನು ತಂದಿದ್ದರು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ನಮ್ಮ ಬೀದಿಯಲ್ಲೂ ಇರಲಿಲ್ಲ. ಫ್ಲಾಪಿ ಹಾಗೆಯೇ ಉಳಿಯಿತು. ಆದರೆ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿ ಹೊಳೆಯುವ ಪ್ಲಾಸ್ಟಿಕ್ಕಿನ ಒಂದು ಕಲ್ಲಿತ್ತು, ಫೆಸ್ಟರಾನ್ ಎಂಬ ಊರಿನ ಅಂಚೆ ವಲಯಗಳ ಭೂಪಟವಿತ್ತು, ಲಕೋಟೆಯೊಂದರಲ್ಲಿ ಪತ್ರವಿತ್ತು. ಆಟದಲ್ಲಿ ನಾವು ಅಂಚೆ ಗುಮಾಸ್ತರು. ಆ ಪತ್ರವನ್ನು ಊರಾಚೆಯ ಅಂಗಡಿಯ ಮುದುಕಿಗೆ ತಲುಪಿಸುವುದೇ ನಮ್ಮ ಕೆಲಸ ಎಂದು ಮಾವ ಹೇಳಿದ್ದರು. ತಂಗಿಯೂ ನಾನೂ ರಾತ್ರಿ ಕಲ್ಲನ್ನು ದೀಪದ ಕೆಳಗೆ ಹಿಡಿದು, ಕಂಬಳಿಯೊಳಗೆ ಒಯ್ದು, ಅದರ ಬೆಳಕು ಆರುವವರೆಗೆ ಭೂಪಟದ ಬೀದಿಗಳಲ್ಲಿ ಬೆರಳಾಡಿಸುತ್ತಿದ್ದೆವು. ತೆರೆಯ ಮೇಲೆ ಒಂದಕ್ಷರವನ್ನೂ ನೋಡದೆ ನಾವು ಆ ಊರನ್ನು ಅರಿತದ್ದು ಹೀಗೆ. ಅದನ್ನು ಪೂರಕ ಸಾಮಗ್ರಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಪಾಲಿಗೆ ಪೂರಕವಾಗಿದ್ದದ್ದು ಫ್ಲಾಪಿ.

ಇನ್ಫೋಕಾಮನ್ನು 1986ರಲ್ಲಿ ಆಕ್ಟಿವಿಷನ್ ಎಂಬ ಇನ್ನೊಂದು ಆಟದ ಸಂಸ್ಥೆ ಕೊಂಡಿತು, 1989ರಲ್ಲಿ ಅದು ಮುಚ್ಚಿಹೋಯಿತು. ಸಿಡಿಗಳು ಬಂದ ಮೇಲೆ ಫ್ಲಾಪಿಯ ಸ್ಥಳದ ಕೊರತೆ ನೀಗಿತು, ಡೌನ್‌ಲೋಡ್ ಬಂದ ಮೇಲೆ ಪೆಟ್ಟಿಗೆಯೇ ಹೋಯಿತು. 2008ರಲ್ಲಿ ಶುರುವಾದ, ಕಂಪ್ಯೂಟರ್ ಆಟಗಳನ್ನು ಮಾರುವ ಜಿಒಜಿ ಎಂಬ ಜಾಲತಾಣ ಹಳೆಯ ಆಟಗಳ ಜೊತೆಗೆ ಇಂತಹ ಭೂಪಟ, ಪುಸ್ತಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಕೊಡುತ್ತದೆ. ಅವನ್ನು ಅದು ಕರೆಯುವುದು ‘ಗುಡೀಸ್’ ಎಂದು. ಮುಟ್ಟಲಾಗದ್ದಕ್ಕೆ ಫೀಲೀಸ್ ಎನ್ನಲು ಬಾರದು ಎಂಬ ಎಚ್ಚರ ಆ ಹೆಸರಿನಲ್ಲಿ ಇರುವಂತೆ ನನಗೆ ತೋರುತ್ತದೆ. ಅವಕ್ಕೆ ನಾನು ‘ಕುರುಹಿನ ಪಡಿಯಚ್ಚು’ ಎಂದು ಬರೆದಿದ್ದೇನೆ. ‘ಕೊಸರು’ ಅಲ್ಲಿ ಸಲ್ಲಬಹುದೇ ಎಂಬುದನ್ನೂ ತಿಳಿಸಿ.

ಕೊನೆಗೆ, ಲೇಖನದ ಒಂದು ವಾಕ್ಯವನ್ನು ಇಲ್ಲಿ ಕೊಡುತ್ತಿದ್ದೇನೆ: ‘ಪೆಟ್ಟಿಗೆಯಲ್ಲಿ ಫ್ಲಾಪಿ, ಕೈಪಿಡಿಗಳ ಜೊತೆಗೆ ಮೂರು ಕೈಗುರುಹುಗಳಿದ್ದವು: ಒಂದು ಕಲ್ಲು, ಒಂದು ಭೂಪಟ, ಒಂದು ಪತ್ರ.’ ಮೊದಲ ಸಲ ಓದುವವರಿಗೆ ಇಲ್ಲಿ ‘ಕೈಗುರುಹು’ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ, ಅಥವಾ ಬರಿಯ ‘ಕುರುಹು’ ಸಾಕೇ? ಧಾರವಾಡ, ಮಂಗಳೂರು, ಕಲಬುರಗಿಯ ಕಡೆಯವರ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಎಂಬುದನ್ನು ವಿಶೇಷವಾಗಿ ತಿಳಿಯಬಯಸುತ್ತೇನೆ.