ಇಂಡಿಕೇಟರ್ ಸರಿ ಇದೆ, ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಎಚ್ಚರಿಕೆ ದೀಪ) ಮಾತ್ರ ಬರುತ್ತಿಲ್ಲ. ಎಲ್ಲಿಂದ ಹುಡುಕಲಿ?

ತೋಟದಮನೆ, ನಾಪೋಕ್ಲು
ನಮ್ಮದು ಹಳೆಯ ಡೀಸೆಲ್ ಜೀಪು. ಹೋದ ವಾರ ವಿರಾಜಪೇಟೆ ದಾಟಿ ಮಾಕುಟ್ಟ ಘಾಟಿ ಇಳಿಯುವಾಗ ಟೈರ್ ಪಂಕ್ಚರ್. ಕಕ್ಕಡ ತಿಂಗಳ ಜಡಿಮಳೆ, ಹತ್ತು ಮಾರು ಆಚೆ ಏನೂ ಕಾಣದ ಮಂಜು. ಹಜಾರ್ಡ್ ಒತ್ತಿದರೆ ನಾಲ್ಕೂ ದೀಪ ಮಂಕಾಗಿ ಎರಡು ಸಲ ಮಿನುಗಿ ನಿಂತೇಹೋದವು. ಲಾರಿಗಳಿಗೆ ಕಾಣಲಿ ಅಂತ ಮಗ ಟಾರ್ಚ್ ಹಿಡಿದು ತಿರುವಿನಲ್ಲಿ ನಿಂತ. ಚಕ್ರ ಬದಲಿಸಿ ಮುಗಿಯುವವರೆಗೂ ನನ್ನ ಜೀವ ಅವನ ಮೇಲೇ ಇತ್ತು.

ಎಡ, ಬಲ ಇಂಡಿಕೇಟರ್ ಚೆನ್ನಾಗಿ ಬರುತ್ತವೆ, ಟಿಕ್‌ಟಿಕ್ ವೇಗವೂ ಸರಿ. ಹಜಾರ್ಡ್ ಫ್ಯೂಸ್ ತೆಗೆದು ನೋಡಿದೆ, ಹೋಗಿಲ್ಲ. ಮೀಟರ್ ಹಿಡಿದರೆ ಫ್ಯೂಸಿನ ಎರಡೂ ಕಡೆ 12.4 ವೋಲ್ಟ್. ದೀಪ ಮಿನುಗಿಸುವ ಫ್ಲಾಷರ್ ಹೊಸದು ಹಾಕಿಸಿದರೂ ಅದೇ ಕಥೆ. ಗ್ಯಾರೇಜಿನವರು ಪೂರ್ತಿ ವೈರಿಂಗ್ ಬದಲಿಸಬೇಕು ಅನ್ನುತ್ತಾರೆ. ಅಷ್ಟೆಲ್ಲ ಬೇಕಾ?

ಸೋಮವಾರಪೇಟೆ ಹುಡುಗ
ಬ್ಯಾಟರಿ ವೀಕ್ ಇರಬಹುದು ಅಕ್ಕ. ಇಂಜಿನ್ ಓಡುವಾಗ ನೋಡಿದಿರಾ?

ತೋಟದಮನೆ, ನಾಪೋಕ್ಲು
ನೋಡಿದೆ. ಆಗಲೂ ಹಾಗೇ.

ಹಳೇ ವೈರಿಂಗ್, ಗೋಣಿಕೊಪ್ಪ
ಅಕ್ಕಾ, ವೈರಿಂಗ್ ಬದಲಿಸಲು ಈಗಲೇ ಒಪ್ಪಬೇಡಿ. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು.

ಇಂಡಿಕೇಟರಿಗೂ ಹಜಾರ್ಡಿಗೂ ಬಲ್ಬು, ಬಲ್ಬಿಗೆ ಹೋಗುವ ವೈರು, ಅರ್ತಿಂಗ್ ಎಲ್ಲ ಒಂದೇ. ಇಂಡಿಕೇಟರ್ ಸರಿಯಾಗಿ ಬರುತ್ತಿದೆ ಅಂದರೆ ಅವಕ್ಕೆ ಕೈ ಹಾಕುವ ಅಗತ್ಯವಿಲ್ಲ. ಬೇರೆ ಇರುವುದು ಕರೆಂಟು ಬರುವ ದಾರಿ. ಇಂಡಿಕೇಟರಿಗೆ ಕೀ ತಿರುಗಿಸಿದ ಮೇಲೆ ಬರುತ್ತದೆ. ಹಜಾರ್ಡಿಗೆ ಬ್ಯಾಟರಿಯಿಂದ ನೇರವಾಗಿ, ಅದರದ್ದೇ ಫ್ಯೂಸ್ ದಾಟಿ ಬರುತ್ತದೆ. ಹಾಗಾಗಿ ನಿಮ್ಮ ತೊಂದರೆ ಬ್ಯಾಟರಿಗೂ ಹಜಾರ್ಡ್ ಸ್ವಿಚ್ಚಿಗೂ ನಡುವೆ, ಇಲ್ಲವೇ ಸ್ವಿಚ್ಚಿನೊಳಗೆ.

ಮೀಟರಿನ 12.4 ನಂಬಬೇಡಿ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ. ಕಿಲುಬು ಹಿಡಿದ ಜಾಯಿಂಟಿನಲ್ಲೂ ಅಷ್ಟು ನುಸುಳುತ್ತದೆ. ಒಂದು ಕಡೆಯ ಇಂಡಿಕೇಟರಿಗೆ 21 ವ್ಯಾಟಿನ ಎರಡು ಬಲ್ಬು, ಸುಮಾರು ಮೂರೂವರೆ ಆಂಪಿಯರ್. ಹಜಾರ್ಡ್ ಹಾಕಿದರೆ ನಾಲ್ಕು, ಅಂದರೆ ಏಳು. ಕೆಟ್ಟ ಜಾಯಿಂಟು ಅಲ್ಲಿ ಕೈಕೊಡುತ್ತದೆ.

ಒಂದು 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿಕೊಳ್ಳಿ. ಒಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಸಿ, ಇನ್ನೊಂದನ್ನು ಫ್ಯೂಸ್ ಕೂರುವ ಸೀಟಿನ ಮೊದಲು, ನಂತರ, ಸ್ವಿಚ್ಚಿನ ಹಿಂದೆ ಹೀಗೆ ಮುಟ್ಟಿಸುತ್ತಾ ಹೋಗಿ. ಬೆಳಕು ಎಲ್ಲಿ ಕುಗ್ಗಿತೋ ಅದಕ್ಕೆ ಸ್ವಲ್ಪ ಹಿಂದೆಯೇ ಕಾಯಿಲೆ. ಸ್ವಿಚ್ಚಿನವರೆಗೂ ಪೂರ್ತಿ ಬೆಳಕಿದ್ದರೆ ಸ್ವಿಚ್ಚನ್ನು ಮೂವತ್ತು ಸಲ ಒತ್ತಿಬಿಡಿ. ಸ್ವಲ್ಪ ಹೊತ್ತು ಸರಿಯಾದರೆ ಸ್ವಿಚ್ಚೇ ಬದಲಿಸಬೇಕು.

ಯಾರು ಹೇಳಿದರೂ ದೊಡ್ಡ ಫ್ಯೂಸ್ ಮಾತ್ರ ಹಾಕಬೇಡಿ, ವೈರೇ ಸುಡುತ್ತದೆ. ಶೆಡ್ಡಿನಲ್ಲಿ ಇಲಿ ಇದ್ದರೆ ಡ್ಯಾಶ್‌ಬೋರ್ಡಿನ ಕೆಳಗೂ ಒಮ್ಮೆ ಟಾರ್ಚ್ ಬಿಡಿ. ನಮ್ಮ ಕಡೆ ಕಾಫಿ ಮೂಟೆಯ ಪಕ್ಕ ನಿಲ್ಲುವ ಜೀಪುಗಳಿಗೆ ಮಳೆಗಿಂತ ಇಲಿಯೇ ಹೆಚ್ಚು ಕಾಟ ಕೊಟ್ಟಿದೆ. ಇದು ಹಳೆಯ ಗಾಡಿಗಳ ಮಾತು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ದೀಪ ಮಿನುಗಿಸುತ್ತದೆ, ಅದರ ದೋಷ ಓದಲು ಸ್ಕ್ಯಾನರ್ ಬೇಕು.

ತೋಟದಮನೆ, ನಾಪೋಕ್ಲು
ಸಿಕ್ಕಿತು ಅಣ್ಣಾ! ಫ್ಯೂಸಿನ ಮೊದಲು ಬಲ್ಬು ಝಗಮಗ, ಆಚೆ ಮುಟ್ಟಿಸಿದರೆ ಬೀಡಿ ತುದಿಯಷ್ಟು ಕೆಂಪು. ಬಾಕ್ಸ್ ಬಿಚ್ಚಿದರೆ ಆ ಸೀಟಿನ ಒಂದು ಕಾಲಿಗೆ ಹಸಿರು ಕಿಲುಬು, ಸುತ್ತ ಪ್ಲಾಸ್ಟಿಕ್ ಕಂದಿದೆ. ಗಾಜಿನ ರಬ್ಬರಿನಿಂದ ನೀರು ಅಲ್ಲಿಗೇ ತೊಟ್ಟಿಕ್ಕುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿದೆ, ನಾಲ್ಕೂ ದೀಪ ಬಂದವು. ಇಷ್ಟೇ ಸಾಕಾ?

ಹಳೇ ವೈರಿಂಗ್, ಗೋಣಿಕೊಪ್ಪ
ಸಾಲದು. ಕಂದಿದ ಸೀಟು ಬಿಗಿ ಕಳೆದುಕೊಂಡಿರುತ್ತದೆ, ಮತ್ತೆ ಬಿಸಿಯಾಗುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಆ ಒಂದು ಲೈನಿಗೆ ಬೇರೆ ಫ್ಯೂಸ್ ಹೋಲ್ಡರ್ ಹಾಕಿಸಿ, ಮೊದಲಿದ್ದಷ್ಟೇ ಆಂಪಿಯರಿನದು. ರಬ್ಬರ್ ಮೊದಲು ಸರಿಮಾಡಿಸಿ. ಆಮೇಲೆ ಕೀ ತೆಗೆದು ಹತ್ತು ನಿಮಿಷ ಹಜಾರ್ಡ್ ಉರಿಸಿ, ಹೋಲ್ಡರ್ ಮುಟ್ಟಿ ನೋಡಿ. ಬಿಸಿ ಇಲ್ಲದಿದ್ದರೆ ಧೈರ್ಯವಾಗಿ ಘಾಟಿ ಇಳಿಯಿರಿ.

ಗಾಡಿ ನಿಂತಾಗ ರಸ್ತೆಯಲ್ಲಿ ಇಡುವ ಎಚ್ಚರಿಕೆಯ ಕೆಂಪು ತ್ರಿಕೋನ ಒಂದು ಜೀಪಿನಲ್ಲಿ ಇರಲಿ ಅಕ್ಕಾ. ಮಗನನ್ನು ತಿರುವಿನಲ್ಲಿ ನಿಲ್ಲಿಸಬೇಡಿ.